ಅಕ್ಕುತಾಯಿಗೆ ಹತ್ತಲಾಗದ ಗಾಡಿ

ಮುರಗೆಪ್ಪನಿಗೆ ಬೀಡಿ ಇಲ್ಲ, ಗುಟ್ಕಾ ಇಲ್ಲ, ಇಸ್ಪೀಟು ಇಲ್ಲ. ಇದ್ದ ಒಂದೇ ಚಟವೆಂದರೆ ಸಲಹೆ ಕೇಳುವುದು. ಯಾರಾದರೂ ರಸ್ತೆ ಬದಿ ನಿಂತು ಅವನ ಹಳೆಯ ಪಿಕಪ್ಪನ್ನು ನೋಡಿ ತಲೆ ಅಲ್ಲಾಡಿಸಿದರೆ ಸಾಕು, ಗಾಡಿ ನಿಲ್ಲಿಸಿ ಇಳಿದು, "ಯಾಕ್ರಿ, ಏನಾಗೇತಿ?" ಅಂತ ವಿಚಾರಿಸಿಯೇ ಮುಂದೆ ಹೋಗುತ್ತಿದ್ದ. ಹಾಗೆ ವಿಚಾರಿಸಿ ವಿಚಾರಿಸಿಯೇ ಆ ಗಾಡಿಗೆ ಬಸ್ಸಿನ ಹಾರ್ನು ಬಂದಿತ್ತು, ಟ್ರ್ಯಾಕ್ಟರಿನ ಸೀಟು ಬಂದಿತ್ತು, ಮುಂದಿನ ಗಾಜಿನ ಅರ್ಧ ಮುಚ್ಚುವಷ್ಟು ದೊಡ್ಡ ವೀರಭದ್ರನ ಸ್ಟಿಕ್ಕರು ಬಂದಿತ್ತು. ಎಡಗಡೆಯ ದಾರಿ ಯಡೂರಿನ ಆ ವೀರಭದ್ರ ದೇವರ ಪಾಲು, ಬಲಗಡೆಯದು ತನ್ನ ಪಾಲು ಎಂಬಂತೆ ಅವನು ಉಳಿದ ಅರ್ಧದಿಂದ ಇಣುಕಿ ಓಡಿಸುತ್ತಿದ್ದ.

ಐವತ್ತರ ಹತ್ತಿರ ಬಂದ ಮನುಷ್ಯ. ಹರೆಯದಲ್ಲಿ ಉಗಾರ ಖುರ್ದದ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಓಡಿಸಿ, ಬೈಗುಳ ತಿಂದು ತಿಂದು, ಬೈಯಲು ಮಾಲೀಕನೇ ಇರದ ಒಂದು ಗಾಡಿ ಬೇಕೆಂದು ಈ ಪಿಕಪ್ ಕೊಂಡಿದ್ದ. ಮಧ್ಯಾಹ್ನ ಗೊಬ್ಬರ, ಹಿಂಡಿ, ಯಾರದೋ ಮನೆಯ ತಿಜೋರಿ, ಏನು ಸಿಕ್ಕರೂ ಹೇರುತ್ತಿದ್ದ. ಆದರೆ ಮನೆ ನಡೆಯುತ್ತಿದ್ದದ್ದು ಬೆಳಗಿನ ಖೇಪಿನ ಮೇಲೆ. ಕೊಕಟನೂರಿನ ಹೆಣ್ಣಾಳುಗಳನ್ನು ದ್ರಾಕ್ಷಿ ತೋಟಕ್ಕೆ ಒಯ್ಯಬೇಕು, ಸಂಜೆ ವಾಪಸ್ ತರಬೇಕು. ಆ ತಂಡಕ್ಕೆ ಲಕ್ಕವ್ವ ಮುಂದಾಳು. ಅವಳ ಕಾಯಿದೆ ಒಂದೇ: ಹೋದರೆ ಎಲ್ಲರೂ ಒಂದೇ ಗಾಡಿಯಲ್ಲಿ, ಇಲ್ಲದಿದ್ದರೆ ಆ ಗಾಡಿಯಲ್ಲಿ ಯಾರೂ ಇಲ್ಲ.

ತೋಟದ ದಾರಿಯಲ್ಲಿ ಗಾಲಿ ಹರಿದು ಹರಿದು ಎರಡೂ ಬದಿ ತಗ್ಗಾಗಿ, ನಡುವೆ ಮಣ್ಣಿನ ಗುಡ್ಡೆ ಎದ್ದಿತ್ತು. ಅದು ಗಾಡಿಯ ಹೊಟ್ಟೆಗೆ ಉಜ್ಜುತ್ತಿತ್ತು. ಈ ಸಂಕಟವನ್ನು ಮುರಗೆಪ್ಪ ಅಥಣಿಯ ಟಾಯರ್ ಅಂಗಡಿಯ ದುಂಡೇಶನ ಮುಂದೆ ತೋಡಿಕೊಂಡ. ತೋಡಿಕೊಂಡದ್ದೇ ತಪ್ಪಾಯಿತು.

"ಕಾಕಾ, ನಿಮ್ಮ ಗಾಡಿಗೆ ಕಾಲ ಗಿಡ್ಡ ಅದಾವ," ಅಂದ ದುಂಡೇಶ. "ಗಾಲಿ ಡಿಸ್ಕ್ ಇವ ಇರ್ಲಿ. ಇದ ಡಿಸ್ಕಿಗೆ ಒಂದ ಸೈಜ್ ದೊಡ್ಡ ಟಾಯರ್ ಹಾಕಿಬಿಡೂಣು."

"ಕುಂದ್ರತಾವೇನೋ?"

"ಹೆಂಗ ಕುಂದ್ರಸತೀನಿ ನೋಡ್ರಿ. ಹುಟ್ಟಿದಾಗಿಂದ ಅಲ್ಲೇ ಇದ್ದಂಗ ಕಾಣಬೇಕು."

ಕುಳಿತವು. ಹಳೆಯವನ್ನು ದುಂಡೇಶನೇ ಇಟ್ಟುಕೊಂಡ. ಸೊರಗಿದ ಎತ್ತಿಗೆ ಕೋಣನ ಕಾಲು ಹಚ್ಚಿದಂತೆ ಗಾಡಿ ಎದ್ದು ನಿಂತಿತು. ಮುರಗೆಪ್ಪ ನಾಲ್ಕೂ ಕಡೆ ಸುತ್ತಿ ನೋಡಿ, ತನ್ನ ಮೀಸೆಯನ್ನೂ ಒಮ್ಮೆ ಮುಟ್ಟಿಕೊಂಡ.

ಮೊದಲ ತಿರುವಿನಲ್ಲೇ ಕರ್ರ್ ಎಂದಿತು. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಟಾಯರ್ ಹೋಗಿ ಮಡ್‌ಗಾರ್ಡಿಗೆ ಉಜ್ಜುತ್ತಿತ್ತು. ಒಂದೇ ಬೀಸಿಗೆ ತಿರುಗುತ್ತಿದ್ದ ಗಾಡಿ ಈಗ ಹಿಂದೆ ಹೋಗಿ, ಮುಂದೆ ಬಂದು, ಮತ್ತೆ ಹಿಂದೆ ಹೋಗಿ, ಅಷ್ಟರಲ್ಲಿ ಎರಡೂ ಕಡೆಯ ಬಸ್ಸು ನಿಂತು ಬೈಯತೊಡಗಿದ ಮೇಲೆ ತಿರುಗುತ್ತಿತ್ತು. ಸ್ಟೇರಿಂಗೋ ರುಬ್ಬುವ ಕಲ್ಲಿನಷ್ಟು ಭಾರ. ಸಂಜೆ ಮನೆಗೆ ಬಂದವನೇ ಭುಜ ಹಿಡಿದುಕೊಂಡು ಕುಳಿತ.

"ಟಾಯರ್ ಗಾಡಿಗಿ ಹಾಕಸೀರಿ, ಎಣ್ಣಿ ನಾ ನಿಮಗ ತಿಕ್ಕಾಕತ್ತೀನಿ," ಅಂದಳು ಹೆಂಡತಿ ಸೀತವ್ವ.

ಸ್ಟೆಪ್ನಿಯೂ ದೊಡ್ಡದಾಗಿದ್ದರಿಂದ ಗಾಡಿಯ ಕೆಳಗಿನ ತನ್ನ ಜಾಗದಲ್ಲಿ ಹಿಡಿಯದೆ ಮೇಲೆ ಹತ್ತಿ ಮಲಗಿತ್ತು. ಇಬ್ಬರು ಹೆಂಗಸರು ಕೂರುವ ಜಾಗ ಹೋಯಿತು. ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಮರುದಿನ ಬೆಳಿಗ್ಗೆ ಅಕ್ಕುತಾಯಿಯ ರೂಪದಲ್ಲಿ ಬಂತು.

ಅಕ್ಕುತಾಯಿ ತಂಡದಲ್ಲೇ ಹಿರಿಯ ಜೀವ, ಎತ್ತರದಲ್ಲಿ ಎಲ್ಲರಿಗಿಂತ ಕಿರಿಯಳು. ಬಳ್ಳಿಯ ಕುಡಿ ಚಿವುಟಲು ನಿಂತರೆ ಅವಳ ಕೈಯ ವೇಗಕ್ಕೆ ಸಾಟಿಯಿಲ್ಲ. ಮೊಣಕಾಲು ಮಾತ್ರ ಅವಳ ಮಾತು ಕೇಳುವುದಿಲ್ಲ. ಹಳೆಯ ಗಾಡಿಗೆ ಸರಳು ಹಿಡಿದು, ಮೊಣಕಾಲೂರಿ, ಶಿವಾ ಅಂತ ಹತ್ತುತ್ತಿದ್ದಳು. ಈಗ ಗಾಡಿಯ ಅಂಚು ಅವಳ ಎದೆಗೆ ಬಂತು.

"ಇದೇನೋ ಮುರಗ್ಯಾ, ಗಾಡಿ ತಂದೀಯೋ, ಮಾಳಗಿ ತಂದೀಯೋ?"

"ಹತ್ತ್ ಅಕ್ಕಾ, ಸ್ವಲ್ಪ ಎತ್ತರ ಆಗೇತಿ ಅಷ್ಟ."

ಇಬ್ಬರು ಮೇಲಿಂದ ಎಳೆದರು, ಇಬ್ಬರು ಕೆಳಗಿಂದ ದೂಡಿದರು. ಅಕ್ಕುತಾಯಿ ಹತ್ತಿದಳು, ಅವಳ ಬುತ್ತಿ ಕೆಳಗೆ ಬಿದ್ದು ಪುಂಡಿಪಲ್ಲೆ ರಸ್ತೆಯ ಪಾಲಾಯಿತು. ದಾರಿಯುದ್ದಕ್ಕೂ ಅವಳು ಆ ಪಲ್ಲೆಯ ಗುಣಗಾನ ಮಾಡಿದಳು.

ಮುರಗೆಪ್ಪ ಪ್ಲಾಸ್ಟಿಕ್ ಸ್ಟೂಲು ತಂದ. ಎಲ್ಲರೂ ಹತ್ತಿದ ಮೇಲೆ ಸ್ಟೂಲು ಕೆಳಗೇ ಉಳಿಯಿತು. ಮೇಲಿದ್ದವರು ಬಗ್ಗಿದರೂ ಕೈಗೆ ನಿಲುಕದು. ಮುರಗೆಪ್ಪನೇ ಇಳಿದು, ಸ್ಟೂಲು ಎತ್ತಿ ಕೊಟ್ಟು, ಹಿಂಬಾಗಿಲಿನ ಫಾಳಕಾ ಮುಚ್ಚಿ, ಓಡಿ ಬಂದು ಕೂರಬೇಕು. ಹೀಗೆ ಬೆಳಿಗ್ಗೆ ಊರಲ್ಲೂ, ಸಂಜೆ ತೋಟದಲ್ಲೂ. ಮೂರನೆಯ ದಿನಕ್ಕೆ ಸ್ಟೂಲು ಕಾಲು ಮುರಿದುಕೊಂಡು ಈ ನೌಕರಿಯಿಂದ ಬಿಡುಗಡೆ ಪಡೆಯಿತು.

ವೆಲ್ಡಿಂಗ್ ಅಂಗಡಿಯ ತವನಪ್ಪ ಗಾಡಿಯ ಕೆಳಗೆ ತೂರಿ ನೋಡಿ ಹೊರಬಂದ. "ಉಜ್ಜೂದ ನಿಲ್ಲಸಬೇಕೋ ಬ್ಯಾಡೋ?"

"ನಿಲ್ಲಸಬೇಕಪಾ."

"ಹಂಗಾರ ನಾಕೂ ಕಡೆ ಸ್ಪ್ರಿಂಗಿಗೆ ಒಂದೊಂದ ಪಾಟಾ ಹೆಚ್ಚಿಗಿ ಹಾಕೂಣು. ಬಾಡಿ ಮ್ಯಾಲ ಏಳತೈತಿ, ಟಾಯರಿಗೆ ಜಾಗಾ ಸಿಗತೈತಿ."

ಪಾಟಾ ಹಾಕಿಸಿದ ಮೇಲೆ ಉಜ್ಜುವುದು ಅರ್ಧಕ್ಕರ್ಧ ಕಡಿಮೆಯಾಯಿತು. ಗಾಡಿ ಮತ್ತೊಂದು ಗೇಣು ಮೇಲೆದ್ದಿತು. ಈಗ ಅದರ ಅಂಚು ಅಕ್ಕುತಾಯಿಯ ಗದ್ದಕ್ಕೆ ಬಂತು. ಟಾಯರಿಗೆ ಮದ್ದು ಮಾಡಿದರೆ ಅಕ್ಕುತಾಯಿಗೆ ರೋಗ ಹೆಚ್ಚಾಗುವ ಈ ಲೆಕ್ಕ ಮುರಗೆಪ್ಪನ ತಲೆಗೆ ಹತ್ತಲೇ ಇಲ್ಲ.

"ಹಳೇ ಟಾಯರ್ ಹಾಕಸ್ರಿ, ಮುಗೀತು," ಅಂದಳು ಸೀತವ್ವ. ಮುರಗೆಪ್ಪ ಮಾನ ಬಿಟ್ಟು ಅಥಣಿಗೆ ಹೋದ. ದುಂಡೇಶ ಅವನ್ನು ಕಬ್ಬಿನ ಗಾಡಿಯ ಸತ್ಯಪ್ಪನಿಗೆ ಎಂದೋ ಕೊಟ್ಟಾಗಿತ್ತು. ಅವತ್ತೇ ಊರ ಸರ್ಕಲ್ಲಿನಲ್ಲಿ ಹಿಂದೆ ಮುಂದೆ ಹಿಂದೆ ಮುಂದೆ ಮಾಡುತ್ತಿದ್ದಾಗ, ಸತ್ಯಪ್ಪನ ಎತ್ತಿನ ಗಾಡಿ ಕಬ್ಬು ಹೇರಿಕೊಂಡು ಮುರಗೆಪ್ಪನದೇ ಹಳೆಯ ಟಾಯರಿನ ಮೇಲೆ ನುಣ್ಣಗೆ ತಿರುಗಿ ಹೋಯಿತು.

"ಛಲೋ ಟಾಯರ್ ಸಿಕ್ಕಾವೋ ಮುರಗೆಪ್ಪಾ," ಅಂತ ಸತ್ಯಪ್ಪ ಮೇಲಿಂದ ಕೂಗಿ ಹೇಳಿದ. "ಯಾಂವ ಹುಚ್ಚ ಕಳದಾನೋ ಏನೋ."

ಮುರಗೆಪ್ಪ ಬಸ್ಸಿನ ಹಾರ್ನು ಒತ್ತಿ ಉತ್ತರಿಸಿದ.

ಅಷ್ಟರಲ್ಲಿ ಕಾಗವಾಡದ ಸಂಭಾಜಿ ತನ್ನ ಹೊಸ ಟೆಂಪೋ ತಂದು ಬೆಳಿಗ್ಗೆ ಹೆಣ್ಣಾಳುಗಳು ಹತ್ತುವ ಜಾಗದಲ್ಲೇ ನಿಲ್ಲಿಸತೊಡಗಿದ್ದ. ಹೊಸ ಗಾಡಿ, ಅಂಚು ಅಕ್ಕುತಾಯಿಯ ಸೊಂಟಕ್ಕೆ. ಅವನು ಯಾರನ್ನೂ ಕರೆಯುತ್ತಿರಲಿಲ್ಲ. ಸುಮ್ಮನೆ ಫಾಳಕಾ ಇಳಿಸಿಕೊಂಡು ಹಲ್ಲುಜ್ಜುತ್ತ ನಿಂತಿರುತ್ತಿದ್ದ. ಕರೆದಿದ್ದರೆ ಜಗಳವಾದರೂ ಆಡಬಹುದಿತ್ತು.

ಸಂಜೆ ಲಕ್ಕವ್ವ ತೀರ್ಪು ಕೊಟ್ಟಳು. "ನೋಡ್ ತಮ್ಮಾ, ನಿನ್ನ ಮ್ಯಾಲ ಸಿಟ್ಟಿಲ್ಲ. ನಾಳೆ ಅಕ್ಕುತಾಯಿ ತಾನಾಗೇ ಹತ್ತಿದ್ರ ನಾವೂ ಹತ್ತತೀವಿ. ಇಲ್ಲಂದ್ರ ಸಂಭಾಜಿ ಗಾಡಿ. ದಿನಾ ಆಕೀನ ಕಬ್ಬಿನ ಹೊರಿ ಹೇರಿದಂಗ ಹೇರಾಕ ಆಗೂದಿಲ್ಲ."

ಬೆಳಗಾಯಿತು. ಅಕ್ಕುತಾಯಿ ಸರಳು ಹಿಡಿದಳು, ಮೊಣಕಾಲೆತ್ತಿದಳು, ಅದು ಅರ್ಧಕ್ಕೇ ನಿಂತಿತು. ಮತ್ತೊಮ್ಮೆ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, ಗಟಾರದ ಮೇಲಿನ ಕಲ್ಲು ದಾಟಿ, ಆಚೆ ಬದುವಿನ ಮೇಲೆ ಹೋಗಿ ಕುಳಿತುಬಿಟ್ಟಳು. ಉಳಿದವರೂ ಬುತ್ತಿ ಎತ್ತಿಕೊಂಡು ಅವಳ ಸುತ್ತ ನೆರೆದರು. ಸಂಭಾಜಿ ಬಾಯಿ ಮುಕ್ಕಳಿಸಿದ.

ಮುರಗೆಪ್ಪ ಯಾರ ಮುಖವನ್ನೂ ನೋಡದೆ ಕ್ಯಾಬಿನ್ನಿಗೆ ಹತ್ತಿದ. ಮನೆಗೆ ಹೋಗಿ ಮಲಗಬೇಕು ಅಂತ ಗಾಡಿ ತಿರುಗಿಸತೊಡಗಿದ. ಮುಂದೆ ಹೋದ, ಕರ್ರ್. ಹಿಂದೆ ಬಂದ. ಮತ್ತೆ ಮುಂದೆ, ಕರ್ರ್. ತಲೆ ಕೆಟ್ಟು, ಇದರ ಮನೆ ಹಾಳಾಗ್ಲಿ ಅಂತ ಜೋರಾಗಿ ಹಿಂದೆ ಒಗೆದ. ಹಿಂದಿನ ಎರಡೂ ಗಾಲಿ ಧಡ್ ಎಂದು ಗಟಾರಕ್ಕೆ ಇಳಿದವು. ವೀರಭದ್ರನ ಸ್ಟಿಕ್ಕರು ಆಕಾಶ ನೋಡಿತು.

ಮೊದಲು ಬಾಯಿ ಬಿಟ್ಟವಳು ಉಜ್ವಲಾ, ತಂಡದಲ್ಲಿ ಎಲ್ಲರಿಗಿಂತ ಚಿಕ್ಕವಳು. "ಅಕ್ಕುತಾಯಿ ಆಯೀ, ನೋಡ್ ಬೇ, ಗಾಡಿ ನಿನ್ನ ಕಾಲಾಗ ಬಂದ ಬಿದ್ದೈತಿ."

ನಿಜಕ್ಕೂ ಬಿದ್ದಿತ್ತು. ತೆರೆದ ಫಾಳಕಾ ಬದುವಿನ ಸಮಕ್ಕೆ ಬಂದು ಸೇತುವೆಯಂತೆ ಚಾಚಿಕೊಂಡಿತ್ತು. ಅಕ್ಕುತಾಯಿ ಎದ್ದಳು, ಪಡಸಾಲೆಯಿಂದ ಅಡುಗೆಮನೆಗೆ ಹೋದಷ್ಟು ಸಲೀಸಾಗಿ ನಡೆದುಹೋಗಿ ಸ್ಟೆಪ್ನಿಯ ಮೇಲೆ ಕುಳಿತಳು. ಲಕ್ಕವ್ವ ಸಂಭಾಜಿಯ ಕಡೆ ನೋಡಿದಳು, ತನ್ನ ಕಾಯಿದೆಯನ್ನು ಒಮ್ಮೆ ನೆನೆದಳು, ತಾನೂ ಹತ್ತಿದಳು. ಎಲ್ಲರೂ ಹತ್ತಿದರು. ಮುರಗೆಪ್ಪ ಹಲ್ಲು ಕಚ್ಚಿ ಎಕ್ಸಲರೇಟರ್ ಒತ್ತಿದ. ದೊಡ್ಡ ಟಾಯರುಗಳು ಮಣ್ಣು ಕಚ್ಚಿ, ತುಂಬಿದ ಗಾಡಿಯನ್ನು ಒಂದೇ ಏಟಿಗೆ ಮೇಲೆ ತಂದವು.

"ನಾಳೆನೂ ಅಲ್ಲೇ ಬೀಳಸು," ಅಂದಳು ಲಕ್ಕವ್ವ ಹಿಂದಿನಿಂದ.

ತೋಟ ಬಂತು. ಎಲ್ಲರೂ ಇಳಿದರು. ಅಕ್ಕುತಾಯಿ ಅಂಚಿಗೆ ಬಂದು ಕೆಳಗೆ ನೋಡಿ, ಹಿಂದೆ ಸರಿದು ಮತ್ತೆ ಸ್ಟೆಪ್ನಿಯ ಮೇಲೆ ಕುಳಿತಳು. ಇಲ್ಲಿ ಗಟಾರವೇ ಇರಲಿಲ್ಲ. ಮುರಗೆಪ್ಪ ತೋಟದ ಮಾಲೀಕ ಸಂಗ್ರಾಮನ ಹತ್ತಿರ ಸಲಿಕೆ ಇಸಿದುಕೊಂಡು ಬಂದು, ದಾರಿ ಬದಿ ಹಿಂದಿನ ಗಾಲಿ ಇಳಿಯುವಷ್ಟು ತಗ್ಗು ತೋಡತೊಡಗಿದ.

ಆ ದಾರಿಯಲ್ಲಿ ಬಂದ ಮೋಟಾರ್ ಸೈಕಲ್ಲಿನವನೊಬ್ಬ ಕಾಲೂರಿ ನಿಂತ. "ಏನ್ರಿ, ಪೈಪ್‌ಲೈನ್ ಹಾಕಾಕತ್ತೀರೇನು?"

"ಇಲ್ರಿ," ಅಂದ ಮುರಗೆಪ್ಪ ತಲೆ ಎತ್ತದೆ. "ಗಾಡಿಗೆ ನೆಲಾ ಎತ್ತರ ಆಗೇತಿ. ಸ್ವಲ್ಪ ತಗ್ಗ ಮಾಡಾಕತ್ತೀನಿ."

"ಇನ್ನೊಂದ ಗೇಣ ತೋಡ್ ತಮ್ಮಾ," ಅಂದಳು ಅಕ್ಕುತಾಯಿ ಮೇಲಿಂದ.