ಗೇಟಿಗೆ ನೇತುಹಾಕಿದ ಕೊಡೆ

ಕಾರಿನ ಗೇರ್ ಬಾಕ್ಸ್ ಕೈಕೊಟ್ಟದ್ದು ಕಾಫಿ ಕೊಯ್ಲಿನ ನಟ್ಟನಡುವೆ. ಬಾಳ್ಳುಪೇಟೆಯ ಗ್ಯಾರೇಜಿನವನು ಬಾನೆಟ್ ಎತ್ತಿ ನೋಡಿ, "ಪಾರ್ಟು ಬರ್ಬೇಕು ಸಾರ್, ಮೂರು ವಾರ ಆಯ್ತದೆ" ಎಂದ. ಅವನದೇನೂ ತಪ್ಪಿರಲಿಲ್ಲ, ಆದರೂ ಅವನ ಮೇಲೆ ರೇಗಿದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಹಾನುಬಾಳಿನ ಅಂಗಡಿಯಿಂದ ಒಂದು ಕೆಜಿ ಉಪ್ಪು ತರುವುದಕ್ಕೂ ಕಾರು ತೆಗೆಯುವ ಮನುಷ್ಯ ನಾನು.

ಮನೆಯ ಉಳಿದವರು ಎರಡೇ ದಿನಕ್ಕೆ ಹೊಂದಿಕೊಂಡುಬಿಟ್ಟರು. ಸಕಲೇಶಪುರದಲ್ಲಿ ಟೀಚರಾಗಿರುವ ಹೆಂಡತಿಯೂ ಅಲ್ಲೇ ಓದುವ ಮಗಳೂ ಬೆಳಗಿನ ಮೊದಲ ಬಸ್ಸಿಗೆ ಹೊರಟುಬಿಡುತ್ತಿದ್ದರು. ಕಾರಿನಲ್ಲಿ ಮೊಬೈಲು ನೋಡುತ್ತ ಕೂರುತ್ತಿದ್ದ ಮಗಳು ಸಂಜೆ ಬಂದು ಬಸ್ಸಿನ ಸುದ್ದಿಯನ್ನೆಲ್ಲ ಒಂದೂ ಬಿಡದೆ ಅಜ್ಜಿಗೆ ಒಪ್ಪಿಸುತ್ತಿದ್ದಳು. ಮನೆಯಲ್ಲಿ ಮುಖ ಊದಿಸಿಕೊಂಡಿದ್ದವನು ನಾನೊಬ್ಬನೇ.

ಅಮ್ಮನಿಗೆ ಆಲೂರಿನಲ್ಲಿ ಒಬ್ಬಳು ತಂಗಿ ಇದ್ದಾಳೆ. ಎಂಟು ತಿಂಗಳಿಂದ ಅವಳಿಗೆ ಮರೆವು ಹೆಚ್ಚುತ್ತಿತ್ತು. ಮೊಮ್ಮಕ್ಕಳ ಹೆಸರು ಹೋಯಿತು, ಆಮೇಲೆ ಅಳಿಯನದು. "ಅವ್ಳಿಗೆ ನನ್ನ ಗುರ್ತು ಇರೋವಾಗ್ಲೇ ಒಂದ್ಸಲ ನೋಡ್ಕೊಂಡ್ ಬರ್ಬೇಕು ಕಣೋ" ಎಂದು ಅಮ್ಮ ಹೇಳುತ್ತಲೇ ಇದ್ದಳು. ನಾನು ಒಂದು ಸಲವೂ ಆಗುವುದಿಲ್ಲ ಎನ್ನಲಿಲ್ಲ. ಮುಂದಿನ ವಾರ ಎನ್ನುತ್ತಿದ್ದೆ. ಔಷಧಿ ಹೊಡೆಯುವುದು ಮುಗಿಯಲಿ, ಗೊಬ್ಬರ ಮುಗಿಯಲಿ, ಕೊಯ್ಲು ಮುಗಿಯಲಿ. ಈಗಂತೂ ಕಾರೇ ಇರಲಿಲ್ಲ, ಮಾತು ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

"ಗುರುವಾರ ಬಸ್ಸಲ್ಲೇ ಹೋಗ್ತೀನಿ" ಎಂದಳು ಅಮ್ಮ.

"ಈ ಮಂಡಿ ಇಟ್ಕೊಂಡಾ? ಕಾರು ಬರ್ಲಿ ಸುಮ್ನಿರಮ್ಮ" ಎಂದೆ. ಅಮ್ಮ ಎದ್ದು ಒಳಗೆ ಹೋದಳು. ಒಪ್ಪಿದಳು ಎಂದುಕೊಂಡೆ.

ಗುರುವಾರ ಬೆಳಿಗ್ಗೆ, ಹೆಂಡತಿ ಮಗಳು ಹೋದಮೇಲೆ, ತೋಟದಿಂದ ಬರುವಾಗ ನೋಡಿದರೆ ಅಪ್ಪನ ಕಾಲದ ಉದ್ದನೆಯ ಕೊಡೆ ಗೇಟಿಗೆ ನೇತಾಡುತ್ತಿತ್ತು. ಮಗಳು ಬಸ್ಸಿಗೆ ಓಡುವ ಅವಸರದಲ್ಲಿ ಮರೆತಿರಬೇಕು. ಈ ಮನೆಯಲ್ಲಿ ಯಾವ ಸಾಮಾನೂ ಅದರ ಜಾಗದಲ್ಲಿರುವುದಿಲ್ಲ ಎಂದು ಗೊಣಗುತ್ತಾ ತೆಗೆದುಕೊಂಡು ಹೋಗಿ ಸ್ಟೋರಿನಲ್ಲಿಟ್ಟೆ.

ಸ್ವಲ್ಪ ಹೊತ್ತಿಗೆ ಒಂಬತ್ತರ ಬಸ್ಸು ಕೆಳಗಿನ ರಸ್ತೆಯಲ್ಲಿ ನಿಲ್ಲದೆ ಹೋದ ಸದ್ದು ಕೇಳಿತು. ಜಗಲಿಯಲ್ಲಿ ಅಮ್ಮ ಒಳ್ಳೆಯ ಸೀರೆ ಉಟ್ಟು, ಆಧಾರ್ ಕಾರ್ಡು ಕೈಯಲ್ಲಿ ಹಿಡಿದು ಕೂತಿದ್ದಳು.

"ಯಾಕೋ ನಿಲ್ಲಿಸ್ದೆ ಹೊಂಟೋಗ್ಬುಟ್ಟ? ಗೇಟಲ್ಲಿ ಕೊಡೆ ಇರ್ಲಿಲ್ವಾ?"

ಆಗ ನೆನಪಾಯಿತು. ನಮ್ಮ ಮನೆ ದಿಬ್ಬದ ಮೇಲೆ, ಗೇಟು ಕೆಳಗೆ ರಸ್ತೆಯ ಪಕ್ಕದಲ್ಲಿ. ಕಾರಿಲ್ಲದ ಕಾಲದಲ್ಲಿ, ಬಸ್ಸಿಗೆ ಹೋಗುವವರಿದ್ದರೆ ಅಪ್ಪ ಗೇಟಿಗೆ ಕೊಡೆ ನೇತುಹಾಕಿ ಬರುತ್ತಿದ್ದರು. ಡ್ರೈವರು ಅದನ್ನು ಕಂಡರೆ ನಿಲ್ಲಿಸಿ ಹಾರ್ನ್ ಹೊಡೆದು, ಇಳಿದು ಬರುವವರೆಗೂ ಕಾಯುತ್ತಿದ್ದ. ನಾನೇ ಚಿಕ್ಕಂದಿನಲ್ಲಿ ಎಷ್ಟೋ ಸಲ ಆ ಕೊಡೆಯ ದಯೆಯಿಂದ ಬಸ್ಸು ಹತ್ತಿದ್ದೇನೆ. ಗೇಟಿನ ಹತ್ತಿರ ನಿಂತು ಕಾಯಲು ಮಂಡಿ ಬಿಡುವುದಿಲ್ಲವೆಂದು ಅಮ್ಮ, ಕೊಡೆ ಕಂಡರೆ ನಿಲ್ಲಿಸಬೇಕೆಂದು ಮೊಮ್ಮಗಳ ಕೈಲಿ ಒಂಬತ್ತರ ಬಸ್ಸಿನ ಕಂಡಕ್ಟರಿಗೆ ಹೇಳಿಕಳಿಸಿ, ಕೊಡೆಯನ್ನೂ ಅವಳ ಕೈಲೇ ನೇತುಹಾಕಿಸಿದ್ದಳು. ಡ್ರೈವರೂ ಒಪ್ಪಿದ್ದನಂತೆ. ಮರೆತವನು ನಾನು.

"ನಾನೇ ತೆಗೆದಿಟ್ಟೆ" ಎಂದೆ. ಬೈಯುತ್ತಾಳೆ ಎಂದು ಕಾದೆ. ಅಮ್ಮ ಆಧಾರ್ ಕಾರ್ಡನ್ನು ಚೀಲಕ್ಕೆ ಹಾಕಿ, ಸೀರೆ ಬದಲಿಸಲು ಏಳತೊಡಗಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮಂಡಿ ಹಿಡಿದುಕೊಂಡು ಅವಳು ಏಳುವುದನ್ನು ನೋಡಲಾಗಲಿಲ್ಲ.

ಕೊಯ್ಲಿನ ಹೆಂಗಸರನ್ನು ಇಳಿಸಿದ ಜೀಪು ಖಾಲಿ ಹೊರಟಿತ್ತು. ಕೂಗಿ ನಿಲ್ಲಿಸಿದೆ. "ಬನ್ನಿ ಅಮ್ಮಾರೆ, ಸಕ್ಲೇಶ್‌ಪುರಕ್ಕೆ ಬಿಡ್ತೀನಿ" ಎಂದ ಡ್ರೈವರು. ಅಮ್ಮನನ್ನು ಎತ್ತಿ ಕೂರಿಸಿದೆ. ಅವಳು ಇಷ್ಟು ಹಗುರವಾಗಿದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ. ಕೊಯ್ಲಿನ ಕೆಲಸವನ್ನು ತೋಟದ ಲೆಕ್ಕ ನೋಡುವ ರೈಟರಿಗೆ ಒಪ್ಪಿಸಿ ನಾನೂ ಹತ್ತಿದೆ. ಸಕಲೇಶಪುರದಿಂದ ಆಲೂರಿನ ಬಸ್ಸಿನಲ್ಲಿ ಅಮ್ಮನಿಗೆ ಫ್ರೀ ಟಿಕೆಟ್ಟು. "ನಿಂಗೆ ಮಾತ್ರ ದುಡ್ಡು ಕಣೋ" ಎಂದು ಅಮ್ಮ ಆ ದಿನ ಮೊದಲ ಸಲ ನಕ್ಕಳು.

ಚಿಕ್ಕಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ನನ್ನನ್ನು ನೋಡಿ, "ಕರೆಂಟ್ ಬಿಲ್ಲಿನವ್ರಾ?" ಎಂದಳು. ಅಮ್ಮ ಮೆಟ್ಟಿಲ ಹತ್ತಿರವೇ ನಿಂತಿದ್ದಳು. ಚಿಕ್ಕಮ್ಮ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು.

"ಯಾಕಕ್ಕ ಇಷ್ಟ್ ತಡ? ಬಸ್ಸು ತಪ್ಪೋಯ್ತಾ?"

"ಹೂಂ ಕಣೆ. ತಪ್ಪೋಯ್ತು" ಎಂದಳು ಅಮ್ಮ, ನನ್ನ ಕಡೆ ನೋಡದೆ. ಪಕ್ಕದಲ್ಲಿ ಕೂತು ಮೊರವನ್ನು ತನ್ನ ಕಡೆಗೂ ಎಳೆದುಕೊಂಡಳು. ನನ್ನ ಎಂಟು ತಿಂಗಳನ್ನು ಅಮ್ಮ ಬಸ್ಸಿನ ತಲೆಗೆ ಕಟ್ಟಿದ್ದಳು. ನಾನು ಹಿತ್ತಿಲಿಗೆ ಹೋಗಿ ಮುಖ ತೊಳೆದುಕೊಂಡೆ.

ಕಾರು ಬಂತು. ಇನ್ನು ಪ್ರತಿ ಗುರುವಾರ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. "ನೀನು ತೋಟ ನೋಡ್ಕೋ ಮಗ. ಬಸ್ಸಾದ್ರೆ ಯಾರನ್ನೂ ಕೇಳ್ಬೇಕಾಗಿಲ್ಲ" ಎಂದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ.

ಆಮೇಲೆ ಮೂರು ಗುರುವಾರ ಚಿಕ್ಕಮ್ಮ "ಅಕ್ಕ" ಎಂದು ಕರೆದಳು. ನಾಲ್ಕನೆಯದಕ್ಕೆ, "ಯಾರು ಬೇಕಾಗಿತ್ತು?" ಎಂದು ಕೇಳಿದಳಂತೆ. ಕಾರು ಕೆಡದಿದ್ದರೆ ಅಮ್ಮನಿಗೆ ಆ "ಅಕ್ಕ" ಒಂದು ಸಲವೂ ಸಿಗುತ್ತಿರಲಿಲ್ಲ.

ಅಮ್ಮ ಈಗಲೂ ಹೋಗುತ್ತಾಳೆ. ಗುರುವಾರ ಬೆಳಿಗ್ಗೆ ಕೊಡೆಯನ್ನು ಗೇಟಿಗೆ ನೇತುಹಾಕಿ ಬರುವವನು ನಾನು.