ನೂರಕ್ಕೆ ಮೂವತ್ತಾರು

ವೆರೋನಾ ಹುದಾಕ್ ವಾರವಿಡೀ ಅಂಗಿ ಫ್ಯಾಕ್ಟರಿಯಲ್ಲಿ ಕಾಲರ್ ಹೊಲಿಯುತ್ತಿದ್ದಳು, ಭಾನುವಾರ ಬ್ರೈಯರ್ ಕ್ರೀಕ್ ಗಣಿ ತಂಡದ ಬೇಸ್‌ಬಾಲ್ ಲೆಕ್ಕ ಬರೆಯುತ್ತಿದ್ದಳು. ಊರಿಗೆ ವಲಸೆ ಬಂದಿದ್ದ ಸ್ಲೋವಾಕರಿಗೆಲ್ಲ ಅವಳು ಟೆಟಾ, ಅಂದರೆ ಅತ್ತೆ. ಹದಿನಾಲ್ಕು ವರ್ಷದಲ್ಲಿ ಒಂದು ಆಟವನ್ನೂ ತಪ್ಪಿಸಿದವಳಲ್ಲ. ಗಂಡನನ್ನು ಮಣ್ಣು ಮಾಡಿದ ವಾರವೂ ಕಪ್ಪು ಸ್ಕಾರ್ಫ್ ಕಟ್ಟಿಕೊಂಡು ಮೈದಾನದಂಚಿನ ತನ್ನ ಕುರ್ಚಿಯಲ್ಲಿ ಕೂತಿದ್ದಳು. ಯಾರೋ ಮೂಗು ಮುರಿದದ್ದಕ್ಕೆ, "ಅವರು ಇದ್ದಿದ್ರೂ ಇಲ್ಲೇ ಇರ್ತಿದ್ರು, ಸುಮ್ನಿರಿ" ಅಂದಿದ್ದಳು.

ಮೂವತ್ತೆಂಟನೇ ಇಸವಿಯಲ್ಲಿ ಅವಳ ಹಟಕ್ಕೆ ನಿಜವಾದ ಪರೀಕ್ಷೆ ಬಂತು. ನೂರು ಸರದಿಯಾದರೂ ಬ್ಯಾಟ್ ಹಿಡಿದವರಲ್ಲಿ ಯಾರ ಸರಾಸರಿ ಹೆಚ್ಚೋ ಅವರಿಗೆ ಲೀಗಿನ ಕಪ್. ಸರಾಸರಿ ಏನು ಬ್ರಹ್ಮವಿದ್ಯೆಯಲ್ಲ: ಎಷ್ಟು ಸರದಿ ನಿಂತ, ಎಷ್ಟರಲ್ಲಿ ಹಿಟ್ ಹೊಡೆದ, ಅಷ್ಟೆ. ಗಣಿ ಕೆಲಸಗಾರ ಸ್ಟೀವ್ ಬಾಲಿಂಟ್ ಜುಲೈ ನಾಲ್ಕರ ಹೊತ್ತಿಗೆ ಎಂಬತ್ತು ಸರದಿಯಲ್ಲಿ ಮೂವತ್ತೆರಡು ಹಿಟ್ ಹೊಡೆದಿದ್ದ. ಮರುವಾರ ಕಲ್ಲಿದ್ದಲ ಬಂಡಿಯ ಕೊಂಡಿಗೆ ಸಿಕ್ಕಿ ಎಡಗೈಯ ಎರಡು ಬೆರಳು ಹೋದವು. ಬ್ಯಾಂಡೇಜ್ ಸುತ್ತಿದ ಕೈಯಲ್ಲೇ, ಹಲ್ಲು ಕಚ್ಚಿಕೊಂಡು, ನೂರಕ್ಕೆ ಬೇಕಿದ್ದ ಉಳಿದ ಇಪ್ಪತ್ತು ಸರದಿಗೂ ನಿಂತ. ಐದು ಹೊಡೆದ. ಇನ್ನು ಮುಂದೆ ಅವನು ಆಡುವಂತಿರಲಿಲ್ಲ. ಕಪ್ ಬಂದರೆ ಈ ವರ್ಷ ಬರಬೇಕಿತ್ತು.

ಅವನಿಗೆ ಪೈಪೋಟಿ ಅದೇ ತಂಡದ ರೇ ಕೋಲ್ವಿನ್, ಗಣಿ ಮ್ಯಾನೇಜರನ ತಂಗಿಯ ಮಗ. ಕಾಲೇಜು ಮುಗಿಸಿ ಜೂನ್ ಕೊನೆಗೆ ಬಂದವನು ಜುಲೈ ನಾಲ್ಕರೊಳಗೆ ಇಪ್ಪತ್ತು ಸರದಿಯಲ್ಲಿ ಒಂಬತ್ತು ಹೊಡೆದ, ಆಮೇಲಿನ ಎಂಬತ್ತರಲ್ಲಿ ಇಪ್ಪತ್ನಾಲ್ಕು. ನೂರು ತುಂಬಿತೋ ಇಲ್ಲವೋ, ಅವನಿಗೆ ಸೊಂಟನೋವು ಶುರುವಾಯಿತು, ಆಟ ನಿಂತಿತು.

ಸೆಪ್ಟೆಂಬರಿನಲ್ಲಿ ಫೈರ್ ಸ್ಟೇಷನ್ನಿನ ಹಾಲಿನಲ್ಲಿ ಸಭೆ. ಗಣಿಯ ಫೋರ್‌ಮನ್ನನೂ ಲೀಗಿನ ಅಧ್ಯಕ್ಷನೂ ಆದ ಹಾರ್ಲನ್ ಪ್ರೈಸ್ ಕರಿಹಲಗೆಯ ಮೇಲೆ ಬರೆದ. ಮೊದಲರ್ಧ, ಜುಲೈ ನಾಲ್ಕರವರೆಗೆ: ಕೋಲ್ವಿನ್ ನೂರಕ್ಕೆ ನಲವತ್ತೈದು, ಬಾಲಿಂಟ್ ನಲವತ್ತು. ಎರಡನೇ ಅರ್ಧ: ಕೋಲ್ವಿನ್ ಮೂವತ್ತು, ಬಾಲಿಂಟ್ ಇಪ್ಪತ್ತೈದು.

"ಎರಡೂ ಅರ್ಧದಲ್ಲಿ ಕೋಲ್ವಿನ್ನೇ ಮುಂದೆ. ಇನ್ನು ಕೂಡೋದು ಕಳೆಯೋದು ಏನಿದೆ?" ಅಂದ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಮಂದಿ, ಎಲ್ಲರೂ ತಲೆಯಾಡಿಸಿದರು. ವೆರೋನಾ ಎದ್ದು ನಿಂತಳು.

"ಸ್ಟೀವ್ ಒಟ್ಟು ಎಷ್ಟು ಸಲ ನಿಂತ?"

"ನೂರು."

"ಎಷ್ಟು ಹೊಡ್ದ? ನಾನೇ ಹೇಳ್ತೀನಿ, ಮೂವತ್ತೇಳು. ಕೋಲ್ವಿನ್ನೂ ನೂರು ಸಲ ನಿಂತ, ಹೊಡ್ದಿದ್ದು ಮೂವತ್ಮೂರು. ಯಾವ್ದು ಹೆಚ್ಚು ಅಂತ ನಿಮ್ಮ ಮೊಮ್ಮಗಳನ್ನ ಕೇಳಿ."

"ಎರಡು ಸಲ ಗೆದ್ದೋನು ಒಟ್ಟಿನಲ್ಲಿ ಸೋಲೋದು ಹೇಗಮ್ಮಾ?"

"ಒಂದು ಹಿಡಿ ಆಲೂಗಡ್ಡೆ, ಒಂದು ಮೂಟೆ ಆಲೂಗಡ್ಡೆ, ಎರಡೂ ಒಂದೇ ತೂಕ ಅಂದ್ರೆ ಹೀಗೇ ಆಗೋದು. ಕೋಲ್ವಿನ್ ಚೆನ್ನಾಗಿ ಹೊಡ್ದಿದ್ದು ಇಪ್ಪತ್ತೇ ಸರದೀಲಿ. ಸ್ಟೀವ್ ಚೆನ್ನಾಗಿ ಹೊಡ್ದಿದ್ದು ಎಂಬತ್ತು ಸರದೀಲಿ. ನೀವು ಅರ್ಧ ಅಂತ ಹೆಸರಿಟ್ಟ ಮಾತ್ರಕ್ಕೆ ಅದು ಅರ್ಧ ಆಗ್ಬಿಡುತ್ತಾ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪ್ರೈಸ್ ಮುಖ ಕೆಂಪಗೆ ಮಾಡಿಕೊಂಡು, ಕೋಲ್ವಿನ್ ಗೆದ್ದನೆಂದು ಬರೆದ ಕಾಗದವನ್ನು ಅವಳತ್ತ ತಳ್ಳಿದ. "ಸಹಿ ಹಾಕು. ಇಲ್ಲಾಂದ್ರೆ ಮುಂದಿನ ವರ್ಷ ಆ ಕುರ್ಚೀಲಿ ಬೇರೆಯವರು ಕೂರ್ತಾರೆ."

"ಕೂರ್ಲಿ. ಅದರ ಕಾಲು ಹೇಗೂ ಅಲ್ಲಾಡುತ್ತೆ" ಎಂದು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಹೊರಟೇಹೋದಳು. ಹದಿನಾಲ್ಕು ವರ್ಷದ ಕುರ್ಚಿ ಅದು.

ಸಹಿಯಿಲ್ಲದೆಯೇ ಕಪ್ ಕೋಲ್ವಿನ್ನನ ಪಾಲಾಯಿತು. ಮಾರನೇ ದಿನ ವೆರೋನಾಳ ಗೇಟಿನ ಮೇಲೆ ಒಂದು ಹಲಗೆ ಏರಿತು: "ಬಾಲಿಂಟ್ ನೂರಕ್ಕೆ 37. ಕೋಲ್ವಿನ್ ನೂರಕ್ಕೆ 33. ತಪ್ಪಿದ್ದರೆ ಒಳಗೆ ಬಂದು ತೋರಿಸಿ." ಮನೆ ಗಣಿ ಕಂಪನಿಯದು. ಗೇಟು ನಮ್ಮದು, ಹಲಗೆ ತೆಗಿ ಎಂದು ಕಂಪನಿಯಿಂದ ಆಳು ಬಂದ. ಅವಳು ತೆಗೆದು, ಒಳಗಿನಿಂದ ಕಿಟಕಿಗೆ ಒರಗಿಸಿದಳು, ಮುಖ ಬೀದಿಗೆ ಮಾಡಿ.

ಮೂರು ವಾರ ಯಾರೂ ತಪ್ಪು ತೋರಿಸಲು ಬರಲಿಲ್ಲ. ನಾಲ್ಕನೇ ಭಾನುವಾರ ಬಂದವನು ಸ್ವತಃ ಸ್ಟೀವ್. ಅವಳು ಕಾಫಿ ಇಟ್ಟಳು, ಅವನು ಮುಟ್ಟಲಿಲ್ಲ.

"ಟೆಟಾ, ಜೂನ್ ಹನ್ನೆರಡರ ಪುಟ ತೆಗೀರಿ. ನಾಲ್ಕನೇ ಸರದಿ. ಅದು ಹಿಟ್ ಅಲ್ಲ. ಚೆಂಡು ಆ ಕಡೆಯ ಫೀಲ್ಡರನ ಗ್ಲೌಸೊಳಗೆ ಬಿದ್ದು ಜಾರಿತು. ಓಡ್ತಾ ಓಡ್ತಾ ನಾನೇ ನೋಡ್ದೆ."

ಎದುರಾಳಿ ಕೈತಪ್ಪಿ ಬಿಟ್ಟ ಚೆಂಡು ಹಿಟ್ ಆಗುವುದಿಲ್ಲ. ಆ ಫೀಲ್ಡರನ ಕಣ್ಣಿಗೆ ಬಿಸಿಲು ಹೊಡೆಯಿತು, ಪಾಪ ಎಂದುಕೊಂಡು ಹಿಟ್ ಬರೆದದ್ದು ಅವಳಿಗೂ ನೆನಪಿತ್ತು. ನಾಚಿಕೆಯಿಂದ ಕಿವಿ ಬಿಸಿಯಾಯಿತು, ಸಿಟ್ಟೂ ಬಂತು.

"ಇಷ್ಟು ದಿನ ಬಾಯಲ್ಲಿ ಏನಿಟ್ಕೊಂಡಿದ್ದೆ?"

"ಕಪ್ ಬರುತ್ತೆ ಅಂತಿದ್ದಾಗ ಬಾಯಿ ಬರ್ಲಿಲ್ಲ, ಟೆಟಾ. ಈಗ ನನಗೆ ಉಳಿದಿರೋದು ಆ ಲೆಕ್ಕ ಒಂದೇ. ಅದಾದ್ರೂ ಶುದ್ಧವಾಗಿರಲಿ."

ವೆರೋನಾ ಹಲಗೆಯನ್ನು ಮೆಟ್ಟಿಲ ಮೇಲೆ ತಂದಿಟ್ಟು ಬಣ್ಣದ ಡಬ್ಬಿ ತೆರೆದಳು. ಚರ್ಚ್ ಬಿಟ್ಟ ಹೊತ್ತು, ಬೀದಿ ತುಂಬ ಜನ. ಎಲ್ಲರ ಕಣ್ಣೆದುರೇ ಏಳನ್ನು ಅಳಿಸಿ ಆರು ಬರೆದಳು. ಸಂಸಾರದೊಂದಿಗೆ ಹೋಗುತ್ತಿದ್ದ ಪ್ರೈಸ್ ನಿಂತ. ಇಂಥ ಗಳಿಗೆಗಾಗಿಯೇ ಅವನು ಕಾದಿದ್ದ.

"ಏನಮ್ಮಾ, ನಿನ್ನ ಲೆಕ್ಕಾನೂ ತಪ್ಪಾ?" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೇಳಿದ.

"ತಪ್ಪಿತ್ತು, ಪ್ರೈಸ್ ಸಾಹೇಬ್ರೇ. ತಿದ್ದಿಕೊಂಡೆ" ಎಂದು ಅವಳು ಬ್ರಶ್ಶನ್ನು ಅವನ ಮುಂದೆ ಚಾಚಿದಳು. "ಡಬ್ಬೀಲಿ ಇನ್ನೂ ಬಣ್ಣ ಇದೆ. ಈಗ ನಿಮ್ಮದು ತಿದ್ದಿ."

ಅವನು ಬೀದಿ ದಾಟಿ ಹೋಗುವವರೆಗೂ ಅವಳು ಚಾಚಿದ ಕೈ ಇಳಿಸಲಿಲ್ಲ.