ಹೊಟ್ಟು ಹಿಂಡಿ ನೋಡುವವಳು

ಈ ಯುಗಾದಿಗೆ ಎರಡು ದಿನ ಮೊದಲು ತೀರಿಕೊಂಡ ನಮ್ಮ ವಿಜಯಲಕ್ಷ್ಮಿಗೆ ಕೋಳಿಹಿಕ್ಕೆ ಎಂದರೆ ಹೇಸಿಗೆಯೇ ಇರಲಿಲ್ಲ. ಬಳ್ಳಾರಿಯ ಪುಟ್ಟ ಪ್ರಯೋಗಾಲಯವೊಂದರಲ್ಲಿ ಇಪ್ಪತ್ತೆರಡು ವರ್ಷ ಹಿಕ್ಕೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಪರೋಪಜೀವಿಯ ತತ್ತಿ ಎಣಿಸಿದವಳು. ಹುಟ್ಟಿದ್ದು ಸಿರುಗುಪ್ಪದ ಅಕ್ಕಿ ಗಿರಣಿಯವರ ಮನೆಯಲ್ಲಿ. ಭತ್ತದ ಹೊಟ್ಟಿನ ರಾಶಿಯ ಮೇಲೆ ಕುಣಿದೇ ಬೆಳೆದಿದ್ದಳು.

ಎರಡು ವರ್ಷದ ಹಿಂದೆ, ಮೇ ತಿಂಗಳಲ್ಲಿ, ಕುರುಗೋಡು ತಾಲೂಕಿನ ಬಾದನಹಟ್ಟಿಯಿಂದ ಮಾರೆಮ್ಮ ಫೋನ್ ಮಾಡಿದಳು. ಅವಳ ಶೆಡ್ಡಿನಲ್ಲಿ ಎಂಟುನೂರು ಕೋಳಿ. ಹಿಕ್ಕೆಯಲ್ಲಿ ರಕ್ತ ಬೀಳುತ್ತಿತ್ತು, ಎರಡೇ ದಿನದಲ್ಲಿ ಮೂವತ್ತು ಸತ್ತಿದ್ದವು. ಆ ರಕ್ತಭೇದಿ ತರುವ ಪರೋಪಜೀವಿ ಕಾವನ್ನು ಹೇಗೆ ತಾಳಿಕೊಳ್ಳುತ್ತದೆ ಎಂಬುದೇ ಪ್ರಯೋಗಾಲಯದ ರಶ್ಮಿಯ ಸಂಶೋಧನೆ. ಅವಳಿಗೆ ಖುಷಿಯೋ ಖುಷಿ.

"ಸ್ಯಾಂಪಲ್ ತರ್ರಿ ವಿಜಯಕ್ಕ. ಎರಡು ವಾರ ಅಲ್ಲಿಂದಲೇ ತರೋಣು."

ವಿಜಯಲಕ್ಷ್ಮಿ ಮೊದಲ ಸ್ಯಾಂಪಲ್ ತುಂಬಿಕೊಳ್ಳಲು ಶೆಡ್ಡಿಗೆ ಹೋದರೆ, ಜಾಲರಿಯ ಒಳಮೈಗೆ ಸಾಲಾಗಿ ಒದ್ದೆ ಗೋಣಿಚೀಲ.

"ಬಿಸಲಿಗೆ ಪಾಪ, ಬಾಯಿ ತಕ್ಕೊಂಡು ತೇಕ್ತಾವ ಮೇಡಂ. ದಿನಕ್ಕ ನಾಕು ಸಲ ನೀರು ಹೊಡಿತೀನಿ" ಎಂದಳು ಮಾರೆಮ್ಮ.

ಚೀಲದ ನೀರೆಲ್ಲ ನೆಲಕ್ಕೆ ಹಾಸಿದ ಹೊಟ್ಟಿಗೆ ತೊಟ್ಟಿಕ್ಕುತ್ತಿತ್ತು. ವಿಜಯಲಕ್ಷ್ಮಿ ಒಂದು ಹಿಡಿ ಹೊಟ್ಟು ಎತ್ತಿ ಹಿಂಡಿದಳು. ಮುದ್ದೆಯಾಗಿ ಕೈಯಲ್ಲೇ ನಿಂತಿತು.

"ಇದು ಉದುರಬೇಕು ಅಕ್ಕಾ. ಈ ತೇವದಾಗ ರೋಗದ ತತ್ತಿ ಬಲೀತಾವ, ಕೋಳಿ ಅದನ್ನ ಹೆಕ್ಕಿ ತಿಂತಾವ."

"ನಮ್ಮ ಬಳ್ಳಾರಿ ಬಿಸಲಾಗ ಮನಷ್ಯಾರ ಉಳಿಯಂಗಿಲ್ಲ, ಅದು ಉಳಿತೈತೇನ್ರಿ?"

"ಕೋಳಿ ಮೈಯಾಗ ನಮಗಿಂತ ಕಾವು ಜಾಸ್ತಿ. ಅಲ್ಲೇ ಸಂಸಾರ ಹೂಡೈತಿ ಅದು. ಕಾವು ಏರಿದ್ರ ಜೀವದೊಳಗಿನ ಪ್ರೋಟೀನು ಸೀರಿ ನೆರಿಗಿ ಬಿಚ್ಚಿದಂಗ ಬಿಚ್ಚಿಕೊಳ್ತಾವ. ಮತ್ತ ಮಡಿಚಿ ಸಿಗಸಾಕ ಬ್ಯಾರೆ ಪ್ರೋಟೀನು ಇಟ್ಕೊಂಡೈತಿ. ಶಾಖಾಘಾತ ಪ್ರೋಟೀನು ಅಂತಾರ."

"ಹಂಗಾರ ನೆರಿಗಿ ಹಿಡಿಯಾಕ ಅದಕ್ಕೂ ಒಬ್ಬಾಕಿ ಅತ್ತಿಗಿ ಅದಾಳ ಅನ್ರಿ!"

ಸತ್ತ ಕೋಳಿಗಳ ನಡುವೆ ನಿಂತೇ ಇಬ್ಬರೂ ನಕ್ಕರು. ಆದರೆ ಹೊಟ್ಟು ಬದಲಿಸಿದರೆ ರೋಗ ನಿಂತು, ರಶ್ಮಿಯ ಎರಡು ವಾರದ ಸ್ಯಾಂಪಲ್ಲಿಗೆ ಎಳ್ಳುನೀರು. ವಿಜಯಲಕ್ಷ್ಮಿ ರಶ್ಮಿಯನ್ನು ಕೇಳಲಿಲ್ಲ. ಸಿರುಗುಪ್ಪದ ಗಿರಣಿಗೆ, ತಮ್ಮನಿಗೆ, ಫೋನ್ ಹಚ್ಚಿದಳು.

"ಲೇ ಸಂಗಮೇಶ, ಒಂದು ಟ್ರ್ಯಾಕ್ಟರ್ ಒಣ ಹೊಟ್ಟು ಕಳಸು."

"ಯಾರ ಮದುವಿ ಅಕ್ಕಾ?"

"ಕೋಳಿ ಮದುವಿ! ಲಗೂ ಕಳಸಲೇ."

ಪಶುವೈದ್ಯರು ಕುಡಿಯುವ ನೀರಿಗೆ ಔಷಧ ಹಾಕಿಸಿದರು. ಒದ್ದೆ ಹೊಟ್ಟು ಹೊರಹೋಯಿತು. ಚೀಲಗಳನ್ನು ಜಾಲರಿಯ ಹೊರಮೈಗೆ ಕಟ್ಟಿದರು, ನೀರು ಹೊರಗೇ ಬೀಳಲೆಂದು. ಸಂಜೆಯಾಗುವಾಗ ಇಬ್ಬರ ತಲೆಗೂದಲಿನಲ್ಲೂ ಹೊಟ್ಟು. ಒಬ್ಬರನ್ನೊಬ್ಬರು ನೋಡಿ ಮತ್ತೆ ನಗು. ಆಮೇಲೂ ಒಂದಿಪ್ಪತ್ತು ಕೋಳಿ ಹೋದವು. ಐದನೆಯ ದಿನ ರಕ್ತ ನಿಂತಿತು. ಹತ್ತನೆಯ ದಿನ ವಿಜಯಲಕ್ಷ್ಮಿ ಮತ್ತೆ ಹಿಕ್ಕೆ ತಂದು ಸೂಕ್ಷ್ಮದರ್ಶಕದಲ್ಲಿ ನೋಡಿದಳು.

"ನಿನ್ನ ಸ್ಯಾಂಪಲ್ ಹೋತು ರಶ್ಮಿ."

"ಮೊದಲನೇ ದಿನದ್ದೊಂದು ಐತಲ್ಲ, ಅದರಾಗ ಸುಧಾರಿಸ್ತೀನಿ. ಆದ್ರ ಹೋಗಿದ್ದಕ್ಕ ಯಾರಾದ್ರೂ ಇಷ್ಟು ನಗ್ತಾರೇನ್ರಿ ವಿಜಯಕ್ಕ?"

"ಏಳುನೂರ ಐವತ್ತು ಉಳದಾವವ್ವ! ಬಾ ಇಲ್ಲಿ, ಬಗ್ಗಿ ನೋಡು. ಏನೂ ಇಲ್ಲ. ಎಷ್ಟು ಚಂದ ಕಾಣ್ತೈತಿ!"

ರಶ್ಮಿ ಮುಖ ಊದಿಸಿಕೊಂಡೇ ಬಗ್ಗಿದಳು. ನೋಡುತ್ತ ನೋಡುತ್ತ ಅವಳಿಗೂ ನಗು ಬಂತು.